ಮಾಟುಂಗದ ತಜ್ಞರೂ ಮುಲುಂಡಿನ ನಾನೂ

ಕೋರ್ಟಿನಲ್ಲಿ ತಜ್ಞ ಸಾಕ್ಷಿ ಅನ್ನಿಸಿಕೊಂಡವನು ಕಟಕಟೆ ಹತ್ತುವಾಗ ತಜ್ಞನಾಗಿರುತ್ತಾನೆ. ಇಳಿಯುವಾಗ ಏನಾಗಿರುತ್ತಾನೋ ಹೇಳಲು ಬರುವುದಿಲ್ಲ. ನನಗಂತೂ ಇದು ವರ್ಷಕ್ಕೆ ಒಂದೆರಡು ಸಲ ಆಗಿಯೇ ಆಗುತ್ತದೆ. ನಾನು ಧಾರವಾಡದ ಕಡೆಯ ಸಿವಿಲ್ ಇಂಜಿನಿಯರ್, ವಾಸ ಮುಂಬಯಿಯ ಮುಲುಂಡಿನಲ್ಲಿ. ಬಿಲ್ಡಿಂಗುಗಳ ಸೋರಿಕೆ, ಬಿರುಕು ನೋಡಿ ಕಾರಣ ಏನೆಂದು ಕೋರ್ಟಿಗೆ ಹೇಳುವುದು ನನ್ನ ಕೆಲಸ. ಇದೇ ಕೆಲಸ ಮಾಡುವ ಇನ್ನೊಬ್ಬರು ಮಾಟುಂಗದಲ್ಲಿದ್ದಾರೆ. ಮೂಲ ಉಡುಪಿ ಕಡೆ. ಆರಡಿ ಎತ್ತರ, ಬೆಳ್ಳಿ ಕೂದಲು, ರೇಡಿಯೋದಲ್ಲಿ ವಾರ್ತೆ ಓದುವವರಂಥ ದನಿ. ನಾನು ಒಂದು ಕಡೆಯ ಸಾಕ್ಷಿಯಾದರೆ ಎದುರು ಕಡೆಗೆ ಅವರೇ ಬಂದಿರುತ್ತಾರೆ. ಕೆಟ್ಟವರಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ತುಂಬ ಒಳ್ಳೆಯ ಮನುಷ್ಯ. ನನ್ನ ಹೊಟ್ಟೆಯುರಿಗೆ ಅದೇ ದೊಡ್ಡ ಕಾರಣ.

ಅರವತ್ತನಾಲ್ಕು ಪುಟ

ಮೊದಲ ಸಲ ನಾವು ಎದುರಾದದ್ದು ದಾದರಿನ ಒಂದು ಹಳೇ ಬಿಲ್ಡಿಂಗಿನ ಕೇಸಿನಲ್ಲಿ. ಎರಡನೇ ಮಹಡಿಯವರ ನಡುಮನೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಮೂರನೇ ಮಹಡಿಯವರ ಬಾತ್‌ರೂಮೇ ಕಾರಣ ಎಂದು ನನ್ನ ಅಭಿಪ್ರಾಯ. ಅರವತ್ತನಾಲ್ಕು ಪುಟದ ವರದಿ, ಬಣ್ಣದ ಫೋಟೋ, ನಕ್ಷೆ ಎಲ್ಲ ಕೊಟ್ಟಿದ್ದೆ. ಅವರದು ಒಂದೂವರೆ ಪುಟ.

ನ್ಯಾಯಾಧೀಶರು ಮರಾಠಿಯಲ್ಲಿ, "ನೀರು ಎಲ್ಲಿಂದ ಬಂತು?" ಎಂದು ಕೇಳಿದರು. ನಾನು ಸಿಮೆಂಟಿನ ಸ್ವಭಾವದಿಂದ ಶುರು ಮಾಡಿದೆ. ಇಪ್ಪತ್ತು ನಿಮಿಷವಾದರೂ ನೀರಿನ ಹತ್ತಿರ ಬಂದಿರಲಿಲ್ಲ. ಅವರು ಗೋಡೆಯ ಗಡಿಯಾರ ನೋಡಿ ಮಾಟುಂಗದವರ ಕಡೆ ತಿರುಗಿದರು.

"ಹೊರಗಿನ ಪೈಪಿನಿಂದ, ಸರ್. ಅದು ಒಡೆದಿದೆ" ಎಂದರು ಇವರು. "ನನ್ನ ಸ್ನೇಹಿತರೇ ಇದನ್ನು ನಲವತ್ತೊಂದನೇ ಪುಟದಲ್ಲಿ ಬಹಳ ಚೆನ್ನಾಗಿ ಬರೆದಿದ್ದಾರೆ."

ತೆಗೆದು ನೋಡಿದರೆ ಹೌದು. ಏನೂ ಬಿಟ್ಟುಹೋಗಬಾರದೆಂದು ಪೈಪಿನ ವಿಷಯವನ್ನೂ ಒಂದು ಸಾಲು ಬರೆದಿದ್ದೆ. ಅವತ್ತು ಇಡೀ ಕೋರ್ಟಿನಲ್ಲಿ ನನ್ನ ವರದಿಯನ್ನು ಪೂರ್ತಿ ಓದಿದವರು ಅವರೊಬ್ಬರೇ. ನಮ್ಮ ವಕೀಲರೂ ಓದಿರಲಿಲ್ಲ.

ಕನ್ನಡಕ

ಅವರ ಗುಟ್ಟು ಏನೆಂದು ಆಮೇಲೆ ಬಹಳ ದಿನ ಗಮನಿಸಿದೆ. ಪ್ರಶ್ನೆ ಕೇಳಿದ ಕೂಡಲೇ ಅವರು ಕನ್ನಡಕ ತೆಗೆಯುತ್ತಾರೆ, ಒಂದು ಕ್ಷಣ ಸುಮ್ಮನಿರುತ್ತಾರೆ, ಆಮೇಲೆ ಉತ್ತರ. ಇಷ್ಟೇ! ಆದರೆ ನನಗೆ ಕನ್ನಡಕವೇ ಇರಲಿಲ್ಲ. ಮುಂದಿನ ಕೇಸಿನ ದಿನ ಹೆಂಡತಿಯ ಕನ್ನಡಕವನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡು ಲೋಕಲ್ ಹತ್ತಿದೆ.

ಮೊದಲಿನ ಎರಡು ಪ್ರಶ್ನೆ ಅದ್ಭುತವಾಗಿ ಹೋದವು. ತೆಗೆದೆ, ಸುಮ್ಮನಿದ್ದೆ, ಹೇಳಿದೆ. ನ್ಯಾಯಾಧೀಶರು ತಲೆದೂಗಿದರು. ಮೂರನೆಯದಕ್ಕೆ ಎದುರು ವಕೀಲ ಒಂದು ಫೋಟೋ ಕೈಗೆ ಕೊಟ್ಟು, "ಕನ್ನಡಕ ಹಾಕಿಕೊಂಡು ಸರಿಯಾಗಿ ನೋಡಿ. ಈ ಗೋಡೆಯಲ್ಲಿ ಬಿರುಕು ಎಲ್ಲಿದೆ?" ಎಂದ.

ಹಾಕಿಕೊಂಡೆ. ಗೋಡೆಯೇ ಕಾಣಿಸಲಿಲ್ಲ.

"ಕಾಣಿಸುತ್ತಿದೆಯೇ, ಇಲ್ಲವೇ? ಪ್ರಮಾಣ ಮಾಡಿದ್ದೀರಿ."

"ಇಲ್ಲ" ಎಂದೆ. ತಜ್ಞರು ಪರಿಶೀಲಿಸಿದರು, ಬಿರುಕು ಇಲ್ಲ ಎಂದರು ಎಂದು ದಾಖಲಾಯಿತು. ಆ ಬಿರುಕನ್ನು ಕಂಡುಹಿಡಿದವನೂ ನಾನೇ, ಫೋಟೋ ತೆಗೆದವನೂ ನಾನೇ.

ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನನ್ನ ಚಷ್ಮಾ ನೋಡೀರೇನ್ರಿ? ಇವತ್ತ ಸಾರಿಗೆ ಉಪ್ಪು ಅಂತ ಸಕ್ರಿ ಹಾಕೇನಿ."

ತಪ್ಪೊಪ್ಪಿಗೆ

ಇನ್ನೊಮ್ಮೆ ನಾನು ಸ್ವಲ್ಪ ಸಣ್ಣತನ ಮಾಡಿದೆ. ಮಾಟುಂಗದವರು ಒಂದು ಕೇಸಿನಲ್ಲಿ, ಕಂಬದ ಮೇಲಿನ ಅಡ್ಡ ಬಿರುಕಿನಿಂದ ಅಪಾಯವಿಲ್ಲ ಎಂದು ಹೇಳಲಿದ್ದರು. ಹಿಂದೊಮ್ಮೆ ಅಂಥದೇ ಬಿರುಕಿಗೆ ಅಪಾಯವಿದೆ ಎಂದು ಅವರೇ ಬರೆದುಕೊಟ್ಟಿದ್ದ ವರದಿ ನನ್ನ ಹತ್ತಿರ ಇತ್ತು. ಅದರ ಝೆರಾಕ್ಸ್ ಎದುರು ವಕೀಲರಿಗೆ ತಲುಪಿಸಿ, ನನ್ನ ಕೇಸು ಅಲ್ಲದಿದ್ದರೂ ರಜೆ ಹಾಕಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ವಕೀಲ ಕಾಗದ ಎತ್ತಿ ಹಿಡಿದ. "ಇದು ನಿಮ್ಮದೇ ಸಹಿ ತಾನೆ? ಯಾವುದು ನಿಜ, ಅದೋ ಇದೋ?"

ಅವರು ಓದಿ ನೋಡಿದರು. "ಸರ್, ಆವಾಗ ನಾನು ತಪ್ಪಿದ್ದೆ. ಆಮೇಲೆ ಕಲಿತುಕೊಂಡೆ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ನನ್ನ ಇಷ್ಟು ವರ್ಷದ ನೌಕರಿಯಲ್ಲಿ ತಪ್ಪು ಒಪ್ಪಿಕೊಂಡ ತಜ್ಞರು ನೀವೊಬ್ಬರೇ" ಎಂದು ಹೊಗಳಿದರು. ಹೊರಗೆ ಬಂದವರು ನನ್ನನ್ನು ನೋಡಿ, "ಎಂತ ಮಾರಾಯ್ರೇ, ನನ್ನ ಸಾಕ್ಷಿ ಕೇಳ್ಲಿಕ್ಕೆ ಇಷ್ಟು ದೂರ ಬಂದ್ರಾ?" ಎಂದು ಕೈ ಹಿಡಿದುಕೊಂಡು ಕಾಫಿಗೆ ಕರೆದೊಯ್ದರು. ಕಾಫಿಯ ದುಡ್ಡನ್ನೂ ಅವರೇ ಕೊಟ್ಟರು.

ಎರಡು ತಿಂಗಳಲ್ಲಿ ನನಗೂ ಅಂಥದೇ ಅವಕಾಶ ಬಂತು. ಅದೇ ನ್ಯಾಯಾಧೀಶರು. ನನ್ನ ಹಳೇ ವರದಿ ಹೊರಬಂತು. ನಾನು ಎದೆಯುಬ್ಬಿಸಿ, "ಸರ್, ಆವಾಗ ನಾನು ತಪ್ಪಿದ್ದೆ" ಎಂದೆ.

"ಹಾಗಾದರೆ ಇವತ್ತು ಸರಿ ಇದ್ದೀರಿ ಅಂತ ನಾನು ಹೇಗೆ ನಂಬಲಿ?" ಎಂದರು ಅವರು.

ನಮ್ಮದೇ ಬಾತ್‌ರೂಮು

ಕೊನೆಗೊಂದು ದಿನ ಕೇಸು ನನ್ನ ಮೇಲೆಯೇ ಬಿತ್ತು. ನಮ್ಮ ಕೆಳಗಿನ ಫ್ಲ್ಯಾಟಿನಲ್ಲಿ ಒಬ್ಬ ಮರಾಠಿ ಅಜ್ಜಿ ಇದ್ದಾರೆ. ನಮ್ಮ ಬಾತ್‌ರೂಮಿನಿಂದ ಅವರ ದೇವರಮನೆಗೆ ನೀರು ಇಳಿಯುತ್ತಿದೆ ಎಂದು ಅವರ ದೂರು. ಹೊರಗೋಡೆಯಿಂದ ಬರುವ ತೇವ ಅದು, ನಮಗೆ ಸಂಬಂಧವಿಲ್ಲ ಎಂದು ನಾನು ಅವರಿಗೊಂದು ವರದಿ ಬರೆದುಕೊಟ್ಟೆ. ಅಜ್ಜಿ ಅದನ್ನು ತೊಟ್ಟಿಕ್ಕುವ ಜಾಗದಲ್ಲಿ ಹಾಸಿದರು, ಎರಡು ದಿನ ನೋಡಿದರು, ಕೋರ್ಟಿಗೆ ಹೋದರು. ತಜ್ಞರಾಗಿ ಯಾರನ್ನು ಕರೆತಂದರೆಂದು ಬೇರೆ ಹೇಳಬೇಕಿಲ್ಲ.

ಅವರು ಪರೀಕ್ಷೆಗೆ ನಮ್ಮ ಮನೆಗೇ ಬಂದರು. ನನ್ನ ಹೆಂಡತಿ ಹೊಸ ಕಪ್ಪು-ಬಸಿ ತೆಗೆದಳು, ಉಪ್ಪಿಟ್ಟು ಮಾಡಿದಳು. ಸೋರಿಕೆಯ ಜಾಡು ಹಿಡಿಯಲು ಅವರು ಬಾತ್‌ರೂಮಿನ ನೆಲಕ್ಕೆ ಬಣ್ಣದ ನೀರು ಹೊಯ್ಯಲು ಹೊರಟಾಗ, "ಅದೆಲ್ಲಾ ಯಾಕ್ರೀ ಸರ್? ಮೂರ ವರ್ಷ ಆತು, ಮೂಲ್ಯಾಗಿನ ನೆಲದ ಫರಸಿ ಕಲ್ಲು ಎದ್ದೈತಿ, ನೀರು ಅಲ್ಲೇ ಇಳೀತೈತಿ. ಇವರಿಗೆ ಹೇಳಿ ಹೇಳಿ ಸಾಕಾಗೇತಿ" ಎಂದಳು.

ಕೋರ್ಟಿನಲ್ಲಿ ಅಜ್ಜಿಯ ವಕೀಲರು ಮಾಟುಂಗದವರ ವರದಿಯಿಂದ ಆ ಮಾತು ಓದಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಶ್ರೀಮತಿಯವರು ಹೇಳಿದ್ದು ಸುಳ್ಳೇ?"

ಫ್ಲ್ಯಾಟು ಇಬ್ಬರ ಹೆಸರಿನಲ್ಲಿರುವುದರಿಂದ ಅವಳೂ ಬಂದಿದ್ದಳು. ನನ್ನ ಬೆನ್ನ ಹಿಂದೆಯೇ ಕೂತಿದ್ದಳು. ಮೂವತ್ತು ವರ್ಷದ ಅನುಭವವನ್ನೆಲ್ಲ ಒಂದುಗೂಡಿಸಿ ಯೋಚಿಸಿದೆ.

"ನಿಜ, ಸರ್" ಎಂದೆ.

ನ್ಯಾಯಾಧೀಶರು ನಕ್ಕರು. ಬಾತ್‌ರೂಮು ರಿಪೇರಿಯಾಗಲಿ, ಎರಡೂ ಕಡೆಯವರು ಒಪ್ಪುವ ಒಬ್ಬ ತಜ್ಞರು ನಿಂತು ಮಾಡಿಸಲಿ ಎಂದರು. ಅಜ್ಜಿ ತಡಮಾಡದೆ ಮಾಟುಂಗದವರ ಕಡೆ ಬೆರಳು ತೋರಿಸಿದರು. ನ್ಯಾಯಾಧೀಶರು ನಮ್ಮ ಕಡೆ ನೋಡಿದರು. ನಮ್ಮ ಮನೆ, ನಮ್ಮ ಬಾತ್‌ರೂಮು. ಅದನ್ನು ನನಗಿಂತ ಬಲ್ಲವರು ಯಾರು? ನನ್ನ ಹೆಸರು ಹೇಳೋಣವೆಂದು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಹಿಂದಿನಿಂದ ಹೆಂಡತಿಯ ದನಿ ಬಂತು. "ಹಮ್ಕೋ ಭೀ ವಹೀ ಚಲೇಗಾ, ಸಾಹೇಬ್. ನಮಗೂ ಅವರೇ ಇರ್ಲಿ."

ಎಷ್ಟೋ ವರ್ಷದಿಂದ ಕೋರ್ಟು ನೋಡುತ್ತಿದ್ದೇನೆ. ವಾದಿ ಪ್ರತಿವಾದಿ ಇಬ್ಬರೂ ಅಷ್ಟು ಬೇಗ ಒಂದಾದದ್ದನ್ನು ಬೇರೆಲ್ಲೂ ಕಂಡಿಲ್ಲ.