ಭಾವನ ಮೀನಿಗೆ ಹಾಕಿದ ಲೈಟು

ಮೀನಿನ ಫೋಟೋ ತೆಗೆಯುವುದು ಮಗುವಿನ ಫೋಟೋ ತೆಗೆದ ಹಾಗಲ್ಲ. ಮಗುವಿಗೆ ಗಿಲಕಿ ಆಡಿಸಿದರೆ ಈ ಕಡೆ ನೋಡುತ್ತದೆ. ಮೀನಿಗೆ ಏನು ಆಡಿಸುತ್ತೀರಿ? ನೀವು ಫೋನು ಎತ್ತಿದ ತಕ್ಷಣ ಅದು ಬಾಲ ತೋರಿಸಿ ಆ ಕಡೆ ಹೋಗುತ್ತದೆ. ನೀವು ಆ ಕಡೆ ಹೋದರೆ ಅದು ಈ ಕಡೆ. ಆದರೂ ನಾನು ಕಲಿತೆ. ಈಗ ಹೊಸೂರಿನಲ್ಲಿ ನನ್ನಷ್ಟು ಚೆನ್ನಾಗಿ ಮೀನಿನ ಫೋಟೋ ತೆಗೆಯುವವನು ಇದ್ದರೆ ಬರಲಿ, ನೋಡೋಣ. ಕಲಿಯುವಾಗ ಏನೇನು ಕೆಡಿಸಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮುಚ್ಚಿಡುವುದು ನನಗೆ ಬರುವುದಿಲ್ಲ.

ಮೀನು ನನ್ನದಲ್ಲ, ಭಾವನದು. ಭಾವ ಅಂದರೆ ಅಕ್ಕನ ಗಂಡ. ಅಂಗೈಯಷ್ಟು ಅಗಲದ ಒಂದು ಜೊತೆ ಕಪ್ಪು ಏಂಜಲ್ ಮೀನು. ಅಂಗಿಯ ಗುಂಡಿಯಷ್ಟಿದ್ದಾಗ ತಂದು ಸಾಕಿದ್ದು. ಶಿಫ್ಟ್ ಮುಗಿಸಿ ಬಂದರೆ ಅಕ್ಕನ ಮುಖಕ್ಕಿಂತ ಮೊದಲು ಆ ಗಾಜಿನ ತೊಟ್ಟಿ ನೋಡುವ ಮನುಷ್ಯ ಅವರು. ನನ್ನ ಮೇಲೆ ಅವರಿಗೆ ಒಂದು ಕಾಳಷ್ಟೂ ನಂಬಿಕೆ ಇಲ್ಲ. ಅವರ ಗ್ರೈಂಡರ್ ಸರಿಮಾಡುತ್ತೇನೆ ಅಂತ ನಾನು ಒಮ್ಮೆ ಬಿಚ್ಚಿದ್ದೆ. ಅದು ಇವತ್ತಿಗೂ ಅವರ ಮನೆಯಲ್ಲಿ ಒಂದು ಬಕೆಟ್ಟಿನಲ್ಲಿ ಇದೆ. ಅಂಥವರನ್ನು ಕಂಪನಿ ಇಪ್ಪತ್ತು ದಿನ ಉತ್ತರದ ಕಡೆ ಟ್ರೈನಿಂಗಿಗೆ ಕಳಿಸಿತು, ಅಕ್ಕನೂ ಊರು ನೋಡಲು ಜೊತೆಗೆ ಹೊರಟಳು. ತೊಟ್ಟಿ ಆಟೋದಲ್ಲಿ ನಮ್ಮ ಮನೆಗೆ ಬಂತು.

ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದಳು: "ನನ್ ತಮ್ಮ ನೋಡ್ಕೊಂತಾನೆ ಅಂತ ಅತ್ತೆ ಮಾವನ ಮುಂದೆ ಹೇಳಿದ್ದೀನಿ ಕಣ್ಲಾ. ಮೀನಿಗೇನಾದ್ರೂ ಆದ್ರೆ ಆ ಮನೇಲಿ ನಾನ್ ತಲೆ ಎತ್ತಂಗಿಲ್ಲ."

ಭಾವ ಒಂದೇ ಷರತ್ತು ಹಾಕಿದರು. ದಿನಾ ಒಂದು ಫೋಟೋ ಕಳಿಸಬೇಕು.

ಮೊದಲ ದಿನ ಕಳಿಸಿದೆ. ಎರಡು ನಿಮಿಷಕ್ಕೆ ಫೋನು ಬಂತು. "ಏನ್ಲಾ ಇದು? ಬನೀನ್ ಹಾಕ್ಕೊಂಡ್ ನೀನ್ ನಿಂತಿದ್ದೀಯ. ನಿನ್ ಹೊಟ್ಟೇಲಿ ಮೀನ್ ಈಜ್ತಾ ಐತೆ." ನೋಡಿದರೆ ನಿಜ. ಗಾಜಿನಲ್ಲಿ ನಾನು, ನನ್ನ ಹಿಂದೆ ಟ್ಯೂಬ್‌ಲೈಟು, ಅದರ ಪಕ್ಕ ಕ್ಯಾಲೆಂಡರು. ಫ್ಲಾಶ್ ಹಾಕಿ ತೆಗೆದರೆ ಗಾಜಿನ ಮೇಲೆ ಒಂದು ಸೂರ್ಯ. "ಇದೇನು, ಗ್ರಹಣನಾ?" ಅಂದರು ಭಾವ.

ನನಗೆ ರೋಷ ಬಂತು. ಯಾಕೆ ಅಂದರೆ ಬೆಳಕಿನ ಕೆಲಸ ನನ್ನ ಹೊಟ್ಟೆಪಾಡು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಈಗ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಣ್ಣ ಹೊಡೆಯುವ ಕಡೆ ತಪಾಸಣೆಯಲ್ಲಿದ್ದೇನೆ. ಬಣ್ಣ ಒಣಗಿದ ಟ್ಯಾಂಕನ್ನು ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು. ಧೂಳಿನ ಒಂದು ಕಣ ಕೂತಿದ್ದರೂ ಸುತ್ತ ಚಾಕ್‌ಪೀಸಿನಲ್ಲಿ ಸೊನ್ನೆ ಹಾಕಿ ವಾಪಸ್ ಕಳಿಸಬೇಕು. ದಿನಾ ಎಂಟು ಗಂಟೆ ಚುಕ್ಕಿ ಹುಡುಕುವವನಿಗೆ ಒಂದು ಮೀನಿನ ಫೋಟೋ ತೆಗೆಯಲು ಬರುವುದಿಲ್ಲವಾ?

ಮಾರನೇ ದಿನ ಮೊದಲ ಶಿಫ್ಟ್ ಮುಗಿಸಿ ಬಂದವನೇ ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಆರಿಸಿದೆ. ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ, ಮಧ್ಯೆ ತೂತು ಮಾಡಿ, ಫೋನಿನ ಕಣ್ಣು ಮಾತ್ರ ಆಚೆ ಬರುವ ಹಾಗೆ ನನ್ನ ಮುಂದೆ ಇಳಿಬಿಟ್ಟೆ. ಗಾಜಿನಲ್ಲಿ ನಾನು ಮಾಯ. ತೊಟ್ಟಿಯ ಮೇಲಿಂದ ಒಂದು ಎಲ್ಇಡಿ ಲೈಟ್ ಕಟ್ಟಿದೆ. ಅಲ್ಲಿ ಎರಡೇ ಪ್ಲಗ್ ಪಾಯಿಂಟ್. ಒಂದರಲ್ಲಿ ಗಾಳಿ ಪಂಪು, ಇನ್ನೊಂದರಲ್ಲಿ ನೀರಿನ ಹೀಟರು. ಹೀಟರ್ ಕಿತ್ತು ಲೈಟು ಹಾಕಿದೆ. ಬೆಳಕು ಚುಚ್ಚಿದ ಹಾಗೆ ಬಿತ್ತು. ಮೆತ್ತಗಾಗಬೇಕಾದರೆ ಮಧ್ಯೆ ಒಂದು ತೆಳ್ಳನೆ ಬಿಳಿ ಬಟ್ಟೆ ಬೇಕು. ಸಿಕ್ಕಿತು.

ಬೆಳಗ್ಗೆ ಅವ್ವ ಅಡುಗೆಮನೆಯಿಂದ ಕೂಗಿದಳು. "ಲೇ, ಇಡ್ಲಿ ಬಟ್ಟೆ ಎಲ್ಲೋಯ್ತು?"

"ಮೀನಿನ ಮೇಲೈತೆ."

"ಮೀನಿನ ಮೇಲಾ? ಮತ್ತೆ ಇಡ್ಲಿಗೇನ್ ಹಾಕ್ಲಿ, ಬಲೆನಾ?"

ಅವತ್ತು ಉಪ್ಪಿಟ್ಟು ತಿಂದೆವು. ಆದರೆ ಫೋಟೋ ಬಂತು ನೋಡಿ! ರೆಕ್ಕೆಯ ಒಂದೊಂದು ಎಳೆಯೂ ಕಾಣುತ್ತಿತ್ತು. ಅಷ್ಟಕ್ಕೇ ಬಿಡಲಿಲ್ಲ. ಫೋನಿನಲ್ಲೇ ನೀರಿನ ಹಳದಿ ಇಳಿಸಿದೆ, ಕಪ್ಪನ್ನು ಏರಿಸಿದೆ. ಮೀನು ಹೊಸ ಬೈಕಿನ ಟ್ಯಾಂಕಿನ ಹಾಗೆ ಹೊಳೆಯಿತು. ಮೂರನೇ ದಿನ ಮೈಮೇಲೆ ಎರಡು ಬಿಳಿ ಚುಕ್ಕಿ ಕಂಡವು. ನೀರಿನ ಧೂಳು ಇರಬೇಕು. ಬೆರಳಿಟ್ಟು ಉಜ್ಜಿದರೆ ಫೋನು ಅದನ್ನು ಒರೆಸಿಬಿಡುತ್ತದೆ. ಫ್ಯಾಕ್ಟರಿಯಲ್ಲಿ ಒಂದು ಚುಕ್ಕಿ ತೆಗೆಯಬೇಕಾದರೆ ಉಪ್ಪುಕಾಗದ ಉಜ್ಜಿ, ಪಾಲಿಶ್ ಹೊಡೆದು, ಸೂಪರ್‌ವೈಸರ್ ಹತ್ತಿರ ಬೈಸಿಕೊಳ್ಳಬೇಕು. ಇಲ್ಲಿ ಒಂದು ಉಜ್ಜು, ಹೋಯ್ತು. ಜೀವನದಲ್ಲಿ ಇಷ್ಟು ಸುಖ ನನಗೆ ಯಾವುದರಲ್ಲೂ ಸಿಕ್ಕಿರಲಿಲ್ಲ. ಮಾರನೇ ದಿನ ಐದು ಚುಕ್ಕಿ, ಒರೆಸಿದೆ. ಆಮೇಲೆ ಎಂಟು, ಹತ್ತು, ಒರೆಸಿದೆ. ಭಾವನ ಸದ್ದಡಗಿತು. ಫೋನಿನ ಪರದೆ ಮೇಲಿದ್ದ ಮದುವೆ ಫೋಟೋ ತೆಗೆದು ಮೀನನ್ನು ಹಾಕಿಕೊಂಡರಂತೆ. ಅಕ್ಕ ಅದಕ್ಕೂ ನನ್ನನ್ನೇ ಬೈದಳು.

ಎಂಟನೇ ದಿನ ಅವ್ವ ತೊಟ್ಟಿಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಲೇ, ಈ ಮೀನು ಕಲ್ಲಿಗೆ ಮೈ ಉಜ್ಜಿ ಉಜ್ಜಿ ಕೆರ್ಕೊಂತೈತೆ. ಏನೋ ಆಗೈತೆ ನೋಡ್ಲಾ."

ನಾನು ಎದ್ದು ಮೀನು ನೋಡಬೇಕಿತ್ತು ತಾನೇ? ಇಲ್ಲ. ಕೂತಲ್ಲೇ ಫೋನು ತೆಗೆದು ತೋರಿಸಿದೆ. "ನೋಡವ್ವ, ನಿನ್ನೇದೇ ಫೋಟೋ. ಎಷ್ಟು ಕ್ಲೀನಾಗೈತೆ!"

"ಫೋಟೋ ಕೆರ್ಕೊಂತಾ ಇಲ್ಲ ಕಣ್ಲಾ. ಮೀನು ಕೆರ್ಕೊಂತೈತೆ."

ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೀನಿನ ಅಂಗಡಿ ಇದೆ. ಅಂಗಡಿಯಣ್ಣ ತಮಿಳಿನವರು, ಮೀನು ಮಾರಿ ಮಾರಿ ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆತಂತಿರುವ ಮನುಷ್ಯ. ಅವ್ವನ ಕಾಟ ತಾಳದೆ ಅಲ್ಲಿಗೆ ಹೋಗಿ ಅದೇ ಫೋಟೋ ತೋರಿಸಿದೆ. "ಸೂಪರ್ ಮೀನು, ತಂಬಿ. ಇದಕ್ಕೆ ಒಂದು ಕಾಯಿಲೇನೂ ಇಲ್ಲೈ," ಅಂದರು. ಹೊರಟಿದ್ದೆ. ಅಷ್ಟರಲ್ಲಿ, "ನಿಲ್ಲಪ್ಪಾ. ಇದು ತೆಗೆದ ಹಾಗೇ ಇರೋ ಫೋಟೋನಾ, ಮೇಕಪ್ ಮಾಡಿದ್ದಾ?" ಅಂತ ಕೇಳಿದರು. ಒರೆಸದ ಫೋಟೋಗಳೂ ಫೋನಿನಲ್ಲಿ ಇದ್ದವು. ಒಂದೊಂದಾಗಿ ಸರಿಸಿದರು. ಎರಡು ಚುಕ್ಕಿ. ಐದು. ಎಂಟು. ಹತ್ತು. ನಿನ್ನೆಯ ಫೋಟೋದಲ್ಲಿ ಮೀನಿನ ಮೇಲೆ ರವೆ ಚೆಲ್ಲಿದ ಹಾಗಿತ್ತು.

"ಇದು ಧೂಳಲ್ಲ ತಂಬಿ, ಬಿಳಿ ಚುಕ್ಕಿ ರೋಗ. ಶುರುವಲ್ಲೇ ತೋರಿಸ್ತಾ ಐತಲ್ಲಾ! ಯಾರು ಒರೆಸಿದ್ದು?"

"ನಾನೇ."

"ಕೈ ಚೆನ್ನಾಗೈತೆ," ಅಂದರು. ಆಮೇಲೆ, "ಈ ಚಳೀಲಿ ನೀರು ತಣ್ಣಗಾದ್ರೆ ಬರುತ್ತೆ. ಹೀಟರ್ ಓಡ್ತಾ ಐತಲ್ಲಾ?"

ಲೈಟು ದಿನಾ ಆರಿಸುತ್ತಿದ್ದೆ. ಪ್ಲಗ್ಗು ಮಾತ್ರ ಹಾಗೇ ಬಿಟ್ಟಿದ್ದೆ. ಏಳು ದಿನ ಆ ಹೀಟರು ನೀರಿನಲ್ಲಿ ಸುಮ್ಮನೆ ಸ್ನಾನ ಮಾಡುತ್ತಿತ್ತು. ಹೊಸೂರಿನ ಚಳಿ ಗೊತ್ತಲ್ಲ, ಬೆಳಗಿನ ಶಿಫ್ಟಿಗೆ ಹೋಗುವವರು ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚಿಕೊಂಡು ಗಾಡಿ ಓಡಿಸುತ್ತಾರೆ. ಮೀನಿಗೆ ಮಫ್ಲರ್ ಎಲ್ಲಿಂದ ಬರಬೇಕು?

ಔಷಧಿ ತಂದೆ. ಹೀಟರ್ ಹಾಕಿದೆ. ಲೈಟಿಗೆ ಅಡುಗೆಮನೆಯಿಂದ ವೈರು ಎಳೆದೆ. ಅಂಗಡಿಯಣ್ಣ ಹೇಳಿದಷ್ಟು ಉಪ್ಪು, ದಿನ ಬಿಟ್ಟು ದಿನ ಸ್ವಲ್ಪ ನೀರು ಬದಲು. ಎರಡು ದಿನ ಚುಕ್ಕಿ ಇನ್ನೂ ಹೆಚ್ಚಾದವು. ದೊಡ್ಡ ಮೀನು ಊಟ ಬಿಟ್ಟು, ರೆಕ್ಕೆ ಮುದುರಿ, ಮೂಲೆಯಲ್ಲಿ ನಿಂತಿತು. ಆ ಹೊತ್ತಿಗೇ ಅಕ್ಕನ ಫೋನು. "ನಿನ್ ಭಾವ ಟ್ರೈನಿಂಗಲ್ಲಿ ಎಲ್ರಿಗೂ ಫೋಟೋ ತೋರಿಸ್ಕೊಂಡು, ನನ್ ಭಾಮೈದ ನೋಡ್ಕೊಂತಾ ಅವ್ನೆ ಅಂತ ಹೇಳ್ತಾ ಅವ್ರೆ ಕಣ್ಲಾ. ನಂಗೆ ಎಷ್ಟು ಖುಷಿ ಗೊತ್ತಾ?" ಅವತ್ತಿನಿಂದ ಭಾವನಿಗೆ ಮೊದಲ ವಾರದಲ್ಲಿ ತೆಗೆದಿಟ್ಟಿದ್ದ ಫೋಟೋಗಳನ್ನೇ ಕಳಿಸಿದೆ. ಹೌದು, ಮೋಸ. ಬೇರೆ ಏನು ಮಾಡಬೇಕಿತ್ತು, ನೀವೇ ಹೇಳಿ.

ಆಗ ನನ್ನ ಕಸುಬು ಕೈ ಹಿಡಿಯಿತು. ಮೇಲಿಂದ ಬೆಳಕು ಬಿದ್ದರೆ ಮೀನು ಚೆಂದ ಕಾಣುತ್ತದೆ, ಚುಕ್ಕಿ ಅಷ್ಟು ಕಾಣುವುದಿಲ್ಲ. ಲೈಟನ್ನು ಪಕ್ಕಕ್ಕೆ ತಂದೆ. ಟ್ಯಾಂಕು ನೋಡುವ ಹಾಗೆ ಓರೆ ಬೆಳಕು ಹೊಡೆದೆ. ಒಂದೊಂದು ಚುಕ್ಕಿಯೂ ಎದ್ದು ಬಂತು. ದಿನಾ ಎರಡೂ ಮೀನಿನ ಎರಡೂ ಪಕ್ಕ ಫೋಟೋ ತೆಗೆದು, ದೊಡ್ಡದು ಮಾಡಿ, ಚುಕ್ಕಿಯ ಸುತ್ತ ಕೆಂಪು ಸೊನ್ನೆ ಹಾಕಿ ಎಣಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತು, "ಬಾಲದ ಹತ್ರ ಒಂದ್ ಬಿಟ್ಟೆ," ಅನ್ನುತ್ತಿದ್ದಳು. ನಮ್ಮ ಸೂಪರ್‌ವೈಸರಿಗಿಂತ ಅವಳೇ ಮೇಲು. ಇಪ್ಪತ್ತಾರು ಇದ್ದದ್ದು ಹದಿನೇಳಾಯಿತು. ಹದಿನೇಳು, ಒಂಬತ್ತು. ದೊಡ್ಡ ಮೀನು ಮೂಲೆ ಬಿಟ್ಟು ಬಂದು ಒಂದು ಕಾಳು ಬಾಯಿಗೆ ಹಾಕಿಕೊಂಡು ಉಗುಳಿತು. ಆಮೇಲೆ ಅದನ್ನೇ ಮತ್ತೆ ತಿಂದಿತು. ಅವ್ವ ದೇವರ ಗೂಡಿಗೆ ಕೈ ಮುಗಿದಳು. ನಾಲ್ಕು, ಒಂದು. ಹದಿನೇಳನೇ ದಿನ ಓರೆ ಬೆಳಕಿನಲ್ಲಿ ಎಷ್ಟು ಹುಡುಕಿದರೂ ಒಂದೂ ಇಲ್ಲ. ನಾನು ಕುಣಿದೆ. ಅವ್ವ ಇಡ್ಲಿ ಬಟ್ಟೆ ಕಿತ್ತುಕೊಂಡು ಮೂರು ಸಲ ಬಿಸಿನೀರಿನಲ್ಲಿ ಕುದಿಸಿದಳು. ಅವತ್ತು ತೆಗೆದ ಫೋಟೋವನ್ನು ಒಂದು ಚೂರೂ ಮುಟ್ಟದೆ ಕಳಿಸಿದೆ. "ಯಾಕ್ಲಾ, ಇವತ್ತಿಂದು ಡಲ್ಲಾಗೈತೆ?" ಅಂದರು ಭಾವ.

ಭಾವ ಬಂದರು. ಚೀಲ ಕೈಯಲ್ಲೇ ಹಿಡಿದುಕೊಂಡು ಐದು ನಿಮಿಷ ತೊಟ್ಟಿ ನೋಡಿದರು. ಮೀನು ಎರಡೂ ಗಾಜಿನ ಹತ್ತಿರ ಬಂದು ಬಾಯಿ ಬಿಟ್ಟವು. "ಪರವಾಗಿಲ್ಲ ಕಣ್ಲಾ," ಅಂದರು. ಭಾವನ ಬಾಯಲ್ಲಿ ಇದು ದೊಡ್ಡ ಪದಕ. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ನನಗೆ ಆಗಲಿಲ್ಲ. ಹೀಟರ್ ಕಿತ್ತದ್ದು, ಚುಕ್ಕಿ ಒರೆಸಿದ್ದು, ಹಳೇ ಫೋಟೋ ಕಳಿಸಿದ್ದು, ಎಲ್ಲ ಹೇಳಿದೆ. ಭಾವ ಬೈದರು. ಗ್ರೈಂಡರಿನಿಂದ ಶುರುಮಾಡಿ ಬೈದರು. ಬೈದು ಮುಗಿಸಿ, "ಎಲ್ಲಿ, ಆ ಸೊನ್ನೆ ಹಾಕಿರೋ ಫೋಟೋ ತೋರ್ಸು," ಅಂದರು. ಎಲ್ಲವನ್ನೂ ಎರಡೆರಡು ಸಲ ನೋಡಿದರು. ಕೊನೆಗೆ ಅಕ್ಕನ ಕಡೆ ತಿರುಗಿ, "ಇನ್ಮೇಲೆ ಎಲ್ಲಿಗ್ ಹೋದ್ರೂ ಮೀನು ಇವನ ಹತ್ರಾನೇ ಬಿಡೋಣ ಕಣೇ," ಅಂದರು. ಅಕ್ಕ ನನ್ನ ತಲೆಗೆ ಒಂದು ಮೊಟಕಿದಳು. ಅವಳ ತಲೆ ಎತ್ತಿದ ಹಾಗೇ ಇತ್ತು.

ಅವತ್ತೇ ಭಾವ ಕುರ್ಚಿ ಎಳೆದು ಕೂತು, "ನಂದೂ ಒಂದ್ ಫೋಟೋ ತೆಗಿ, ಕಂಪನಿಗೆ ಬೇಕು. ಕೆನ್ನೆ ಮೇಲಿರೋ ಕಲೆ ಒರೆಸ್ಬುಡು," ಅಂದರು. ನಾನು ಓರೆ ಬೆಳಕು ಹಾಕಿ ಹತ್ತಿರ ಹೋಗಿ ನೋಡಿದೆ.

"ಭಾವ, ಮೊದ್ಲು ಹೇಳಿ. ಇದು ಕೆರೀತದಾ?"

ಅಕ್ಕ, ಅವ್ವ ನಗಾಡಿದರು. ಭಾವ ನಗಲಿಲ್ಲ. ಕೆನ್ನೆ ಮುಟ್ಟಿಕೊಂಡು ಕನ್ನಡಿ ಹುಡುಕಿಕೊಂಡು ಹೋದರು. ಕಲೆ ಒರೆಸದೆ ಹಾಗೇ ಫೋಟೋ ಕೊಟ್ಟೆ. ಇದ್ದದ್ದು ಇದ್ದ ಹಾಗೇ ಕಾಣಬೇಕು, ಅದೇ ಸರಿ ಅಂತ ಭಾಷಣವನ್ನೂ ಮಾಡಿದೆ. ಎಲ್ಲರೂ ತಲೆ ಆಡಿಸಿದರು. ಅವ್ವ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು. ಮೂಗಿನ ಮೇಲೆ ನಾಲ್ಕು, ಗಲ್ಲದ ಮೇಲೆ ಆರು ಮೊಡವೆ ನನಗೆ. ಬರುವ ತಿಂಗಳು ಸೂಳಗಿರಿಗೆ ಹೆಣ್ಣು ನೋಡಲು ಹೋಗಬೇಕು. ನನ್ನ ಫೋಟೋ ಆಗಲೇ ಅಲ್ಲಿಗೆ ಹೋಗಿದೆ. ಮೇಲಿಂದ ಬೆಳಕು, ಮಧ್ಯೆ ಇಡ್ಲಿ ಬಟ್ಟೆ, ಮುಖದ ಮೇಲೆ ಒಂದೇ ಒಂದು ಚುಕ್ಕಿ ಇಲ್ಲ. ಹುಡುಗಿಗೆ ತುಂಬಾ ಹಿಡಿಸಿದೆಯಂತೆ.