ಹೆಸರು ಹೇಳದ ವಿಮರ್ಶಕ

“ಅಮ್ಮಾ, ಮಾಮ ಯಾಕೆ ಕಾಗದಕ್ಕೆ ಬೈತಾ ಇದಾನೆ? ಅದೇನು ಮಾಡ್ತು ಪಾಪ?”

ಮಗಳಿಗೆ ಉತ್ತರ ಹೇಳಲು ತಾಯಿಗೆ ಪುರುಸೊತ್ತೆಲ್ಲಿ? ಅವಳು ಅಣ್ಣನ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಅಣ್ಣ ಕಾಲೇಜಿನಲ್ಲಿ ಆರು ವರ್ಷದಿಂದ ತಾತ್ಕಾಲಿಕ ಮೇಷ್ಟ್ರು. ಇರುವೆಗಳ ಮೇಲೆ ಅವನು ಬರೆದ ಸಂಶೋಧನಾ ಲೇಖನ ದೊಡ್ಡ ಪತ್ರಿಕೆಯಲ್ಲಿ ಅಚ್ಚಾದರೆ ಕೆಲಸ ಕಾಯಂ. ಪತ್ರಿಕೆಯ ವಿಮರ್ಶಕ ಎತ್ತಿದ ಆಕ್ಷೇಪಣೆಗಳಿಗೆ ಸಂಜೆ ಐದರೊಳಗೆ ಉತ್ತರ ಹೋಗಬೇಕು. ಅಣ್ಣನೇ ಬರೆದರೆ ಇರುವ ಕೆಲಸಕ್ಕೂ ಕುತ್ತು ಬಂದೀತೆಂದು ತಂಗಿ ಟೈಪು ಮಾಡುವ ಹೊಣೆ ಹೊತ್ತಿದ್ದಳು.

ಅಣ್ಣ: ಬರ್ಕೋ. “ಅಯ್ಯಾ ಮಹಾನುಭಾವ, ನಿನ್ನ ತಲೇಲಿ ಇರೋದು ಮಿದುಳೋ, ಹೊಟ್ಟೋ?”

ತಂಗಿ (ಟೈಪು ಮಾಡುತ್ತ): “ಮಾನ್ಯರೇ, ತಮ್ಮ ಅಮೂಲ್ಯ ಸಲಹೆಗೆ ಕೃತಜ್ಞತೆಗಳು.”

ಅಣ್ಣ: ನಾನೆಲ್ಲಿ ಹಾಗಂದೆ?

ತಂಗಿ: ಅಂದಿದ್ದು ಅದೇ. ಸ್ವಲ್ಪ ತೊಳೆದು ಒಣಗಿಸ್ದೆ, ಅಷ್ಟೆ. ಯಾರಣ್ಣ ಈ ಮಹಾನುಭಾವ?

ಅಣ್ಣ: ಹೆಸರು ಹೇಳಲ್ಲ ಕಣೇ. ಲೇಖನ ಯಾರದು ಅಂತ ಅವನಿಗೆ ಗೊತ್ತಿರಲ್ಲ, ಬೈದವನು ಯಾರು ಅಂತ ನಮಗೆ ಗೊತ್ತಾಗಲ್ಲ. ಅದೇ ಪದ್ಧತಿ. ನಾನೂ ಬೇರೆಯವರ ಲೇಖನಕ್ಕೆ ಹೀಗೇ ಬರೆದುಕೊಡ್ತೀನಲ್ಲ.

ತಂಗಿ: ದೊಡ್ಡವರ ಕಣ್ಣಾಮುಚ್ಚಾಲೆ ಅನ್ನು. ಮುಂದೆ ಓದು.

ಅಣ್ಣ (ಹಾಳೆಯನ್ನು ಕುಟ್ಟುತ್ತ): “ಲೇಖಕರ ವಾಕ್ಯ ಇರುವೆ ಸಾಲಿಗಿಂತ ಉದ್ದ, ಅರ್ಥ ಇರುವೆಗಿಂತ ಚಿಕ್ಕದು.” ಎಂಥಾ ಕುಹಕಿ ನೋಡು! ಇವನಿಗೆ ಹೆಣ್ಣು ಕೊಟ್ಟವರಾದ್ರೂ ಯಾರು?

ತಂಗಿ: “ವಾಕ್ಯಗಳನ್ನು ಚಿಕ್ಕದು ಮಾಡಿದ್ದೇವೆ.”

ಅಣ್ಣ: ಎಲ್ಲಿ ಮಾಡಿದೀನಿ?

ತಂಗಿ: ಮಾಡ್ತೀಯ. ಮುಂದೆ.

ಅಣ್ಣ: “ಮೂರೇ ತಿಂಗಳು ಇರುವೆ ನೋಡಿ ಇಷ್ಟು ಜಂಬವೇ?” ಮೂರು ತಿಂಗಳಾ! ಎರಡು ವರ್ಷ ಮಣ್ಣಲ್ಲಿ ಮಕಾಡೆ ಮಲಗಿ ನೋಡಿದೀನಿ! ಕೇಳು, “ಒಂದು ಚಿತ್ರವೂ ಇಲ್ಲ” ಅಂತೆ. ಹನ್ನೊಂದು ಚಿತ್ರ ಇದಾವೆ! ಕಣ್ಣು ಅಡವಿಟ್ಟಿದಾನಾ?

ಮಗಳು: ನಾನು ಎಲ್ಲಾ ನೋಡಿದೀನಿ ಮಾಮ. ಒಂದಕ್ಕೆ ಬಣ್ಣಾನೂ ಹಾಕಿದೀನಿ.

ಅಣ್ಣ: ನೋಡು, ಮಗೂಗೆ ಕಂಡಿದ್ದು ಈ ಕತ್ತೆಗೆ ಕಾಣಲಿಲ್ಲ!

ತಂಗಿಯ ಬೆರಳು ನಿಂತಿತು. ಮನೆಯಲ್ಲಿ ನಾಲ್ಕು ವರ್ಷದ ಮಗುವಿದ್ದರೆ ಯಾವ ಸುಳ್ಳು ಎಲ್ಲಿಂದ ಹೊರಟಿತೆಂದು ಮೂಸಿ ನೋಡುವ ಅಭ್ಯಾಸ ತಾನಾಗಿ ಬರುತ್ತದೆ.

ತಂಗಿ: ಕೊಡಿಲ್ಲಿ ಹಾಳೆ. ಕೊನೇ ಸಾಲು ಏನಿದು? “ಲೇಖಕರು ಮೊದಲು ಈ ಮೂರು ಶ್ರೇಷ್ಠ ಲೇಖನಗಳನ್ನು ಓದಿ ಬುದ್ಧಿ ಕಲಿಯಲಿ.” ಕೆಳಗಿನ ಪಟ್ಟೀಲಿ ಲೇಖಕನ ಜಾಗದಲ್ಲಿ ನಿನ್ನ ಹೆಸರಿದೆಯಲ್ಲ! ಮೂರಕ್ಕೂ!

ಅಣ್ಣ (ಎದೆ ಉಬ್ಬಿಸಿ): ಹೌದಾ? ಪರವಾಗಿಲ್ಲ, ಮನುಷ್ಯನಿಗೆ ಓದು ಇದೆ. “ಮಹಾನುಭಾವ” ಅನ್ನೋದನ್ನ ಹಾಗೇ ಬಿಡು.

ತಂಗಿ: ಅಣ್ಣ, ಆ ಮೂರು ಲೇಖನಾನೂ ಓದಿದವರು ಲೋಕದಲ್ಲಿ ಎಷ್ಟು ಜನ?

ಅಣ್ಣ: ನಾನು ಓದಿದೀನಿ. ನೀನು...

ತಂಗಿ: ನಾನು ಅರ್ಧಕ್ಕೇ ನಿದ್ದೆ ಹೋದೆ.

ಅಣ್ಣ: ಹಾಗಾದ್ರೆ ನಾನು.

ತಂಗಿ: ಹಾಗಾದ್ರೆ ಇದನ್ನ ಬರೆದವನೂ ನೀನೇ! ಬೇರೆ ಯಾರದೋ ಲೇಖನಕ್ಕೆ ನೀನು ಬರೆದಿಟ್ಟಿದ್ದನ್ನ ತಂದು, ಬೆಳಗಿಂದ ನಿನಗೆ ನೀನೇ ಬೈಕೊಳ್ತಾ ಇದೀಯ. ಹೆಣ್ಣು ಕೊಟ್ಟವರು ಯಾರು ಅಂತ ಕೇಳಿದ್ಯಲ್ಲ, ಇನ್ನೂ ಯಾರೂ ಕೊಟ್ಟಿಲ್ಲ!

ಅಣ್ಣ ಕುರ್ಚಿಗೆ ಕುಸಿದ. ಮುಖ ಸುಟ್ಟ ಬದನೆಕಾಯಿಯಾಯಿತು.

ಅಣ್ಣ: ಆ ದಿನ ಹಲ್ಲುನೋವಿತ್ತು ಕಣೇ...

ತಂಗಿ ಕಂಪ್ಯೂಟರೆಲ್ಲ ಜಾಲಾಡಿ ಅಸಲಿ ಪತ್ರವನ್ನು ತೆಗೆದಳು. ಇದ್ದದ್ದು ಎರಡೇ ಸಾಲು: “ಸೊಗಸಾದ ಲೇಖನ. ಎರಡು ಚಿತ್ರಗಳ ಅಡಿಬರಹ ಅದಲುಬದಲಾಗಿದೆ, ಸರಿಪಡಿಸಿದರೆ ಪ್ರಕಟಿಸಬಹುದು.” ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಐದಕ್ಕೆ ಕಾಲು ಗಂಟೆ ಇರುವಾಗಲೇ ಉತ್ತರ ಹೋಯಿತು. ಮಾಮನೂ ಸೊಸೆಯೂ ಮಂಚದ ಮೇಲೆ ನಿಂತು ಕುಣಿದರು. ಮಂಚ ಕಿರ್ರೆಂದಿತು.

ಕುಣಿತ ನಿಂತ ಮೇಲೆ ಅಣ್ಣ ಮೇಜಿನ ಮೇಲಿದ್ದ ಹಾಳೆಯನ್ನೇ ನೋಡುತ್ತ ನಿಂತ.

ತಂಗಿ: ಇದನ್ನ ಕಳಿಸಿಬಿಟ್ಟಿದೀಯಾ?

ಅಣ್ಣ: ಇಲ್ಲ, ನಾಳೆ ಕೊನೇ ದಿನ. ತಂಗ್ಯಮ್ಮ, ಒಂದು ಉಪಕಾರ ಮಾಡ್ತೀಯಾ? ಅದ್ಯಾರೋ ಪಾಪ, ಅವರಿಗೂ ಕೆಲಸ ಕಾಯಂ ಆಗಬೇಕೇನೋ. ಇದನ್ನೂ ನಿನ್ನ ಮಾತಲ್ಲೇ ಬರೆದುಕೊಡು.

ತಂಗಿ: ಧಾರಾಳವಾಗಿ.

ಅಣ್ಣ: ಆದ್ರೆ ಆ ಮೂರು ಲೇಖನದ ಸಾಲು ಇದೆಯಲ್ಲ... ಅದನ್ನ ಮಾತ್ರ ಮುಟ್ಟಬೇಡ.