ನಾನು ಔಟಾಗಿರಲಿಲ್ಲ

ಆಗ ನನಗೆ ಹದಿನಾಲ್ಕು ವರ್ಷ. ಅದಾಗಿ ಅರವತ್ತು ವರ್ಷ ದಾಟಿತು. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಅವರಿಗೆ ಮೊದಲೂ ಸಿಟ್ಟು ಸರಿಯಾಗಿ ಬಂದಿರಲಿಕ್ಕಿಲ್ಲ. ನನಗೆ ಹಲ್ಲು ಹೋದವು, ಮೊಣಕಾಲು ಹೋದವು, ಗಂಡನೂ ಹೋದ; ಸಿಟ್ಟು ಮಾತ್ರ ಇಟ್ಟ ಜಾಗದಲ್ಲೇ ಇದೆ. ಗಂಡನ ಮೇಲಿನದಲ್ಲ, ಅದು ಬೇರೆ. ಇದು ಖೋಖೋ ಆಟದ ಸಿಟ್ಟು. ಎಂಟನೆಯ ಇಯತ್ತೆಯನ್ನೂ ಪೂರ್ತಿ ಕಲಿಯದವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯಲು ಕೂತಿರುವುದು ನಿಮ್ಮನ್ನು ನಗಿಸಲಿಕ್ಕಲ್ಲ, ನ್ಯಾಯ ಕೇಳಲಿಕ್ಕೆ. ಓದಿ ನೀವೇ ಹೇಳಿ, ನಾನು ಔಟೋ ಅಲ್ಲವೋ.

ನನ್ನಪ್ಪ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಬಿದಿರು ಕತ್ತರಿಸುವ ಕಡೆ ಕೆಲಸಕ್ಕಿದ್ದ. ನಮ್ಮ ಊರು ಹಳಿಯಾಳದ ಹತ್ತಿರ. ದಾಂಡೇಲಿಯಲ್ಲಿ ಕೆಲಸಗಾರರ ಚಾಳಿನಲ್ಲಿ ನಮಗೆ ಎರಡು ಖೋಲಿ. ಅಪ್ಪನಿಗೆ ಬುತ್ತಿ ಒಯ್ಯುವವಳು ನಾನು. ಅವ್ವನ ರೊಟ್ಟಿ ಯಾವಾಗಲೂ ತಡ, ಗಿರಣಿಯ ಭೋಂಗಾ ಮಾತ್ರ ಒಂದು ದಿನವೂ ತಡವಾಗಲಿಲ್ಲ. ಅದು ಕೂಗುವುದರೊಳಗೆ ಗೇಟು ಮುಟ್ಟಬೇಕು, ಪಲ್ಯ ಚೆಲ್ಲಬಾರದು. ದಾರಿಯಲ್ಲಿ ಬಿದಿರು ಹೇರಿದ ಲಾರಿಗಳು, ನಡುವೆ ಎಮ್ಮೆಗಳು, ನಿಲ್ಲಿಸಿ ಬೇಡದ್ದನ್ನು ಕೇಳುವ ಮುದುಕರು. ಇವರೆಲ್ಲರನ್ನೂ ತಪ್ಪಿಸಿಕೊಂಡು ಓಡುವುದನ್ನು ನಾನು ಕಲಿತದ್ದು ಹಾಗೆ. ಯಾವ ಮಾಸ್ತರರೂ ಕಲಿಸಲಿಲ್ಲ.

ಹೈಸ್ಕೂಲಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಇತ್ತು. ಹುಡುಗಿಯರು ಆ ಚೆಂಡಿಗೆ ಕಾಲು ತಾಗಿಸುವಂತಿರಲಿಲ್ಲ. ಅದು ಮುಳ್ಳಿನ ಪೊದೆಗೆ ಹೋದಾಗ ಹುಡುಕಿ ಕೈಯಲ್ಲಿ ಎತ್ತಿ ತಂದುಕೊಡಬಹುದಿತ್ತು. ನಮಗೆ ಖೋಖೋ. ಆಡಿ ಮರೆತವರಿಗಾಗಿ ಹೇಳುತ್ತೇನೆ. ಒಂದು ಕಡೆಯವರು ಎರಡು ಕಂಬಗಳ ನಡುವೆ ಸಾಲಾಗಿ ಕುಕ್ಕರಗಾಲಲ್ಲಿ ಕೂರುತ್ತಾರೆ. ಅವರಲ್ಲೊಬ್ಬಳು ಬೆನ್ನಟ್ಟುತ್ತಾಳೆ, ಬೇಕೆಂದಾಗ ಕೂತವಳ ಬೆನ್ನಿಗೆ ಬಡಿದು ಖೋ ಎಂದು ಅವಳನ್ನು ಎಬ್ಬಿಸಿ, ತಾನು ಅಲ್ಲಿ ಕೂರುತ್ತಾಳೆ. ಖೋ ಸಿಗದೆ ಕೂತವಳು ಏಳುವಂತಿಲ್ಲ, ಎದ್ದರೆ ಫೌಲು. ನನ್ನ ನ್ಯಾಯವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ. ಇನ್ನೊಂದು ಕಡೆಯವರು ಮೂವರು ಮೂವರಾಗಿ ಒಳಗೆ ಬಂದು, ಕೈಗೆ ಸಿಗದಂತೆ ಓಡಬೇಕು. ಮೊದಲು ಇಳಿಯುವ ಮೂವರೆಂದರೆ ಇಡೀ ತಂಡದ ಮಾನ.

ಆ ವರ್ಷ ಹುಡುಗಿಯರ ತಂಡ ಪಂದ್ಯ ಆಡಲು ಕಾರವಾರಕ್ಕೆ ಹೋಗುವುದಿತ್ತು. ಮೊದಲ ಮೂವರಲ್ಲಿ ಇಬ್ಬರನ್ನು ಡ್ರಿಲ್ ಮಾಸ್ತರರು ಆಗಲೇ ಆರಿಸಿದ್ದರು. ಉಳಿದದ್ದು ಒಂದೇ ಜಾಗ. ಅದು ನನಗೆ ಬೇಕಿತ್ತು. ಸಮುದ್ರ ನೋಡುವ ಆಸೆಯಿಂದಲ್ಲ. ನೀರು ಕಾಳಿ ಹೊಳೆಯಲ್ಲೂ ಇದೆ. ನನಗೆ ಅಷ್ಟು ಚೆನ್ನಾಗಿ ಬರುವ ಕೆಲಸ ಇನ್ನೊಂದಿರಲಿಲ್ಲ, ಅದಕ್ಕೆ. ಅದೇ ಜಾಗಕ್ಕೆ ನನ್ನ ಸೋದರತ್ತೆಯ ಮಗಳು ನೀಲವ್ವನೂ ಕಣ್ಣು ಹಾಕಿದ್ದಳು. ನೀಲವ್ವ ಓಡಿದರೆ ಕೋಣ ಓಡಿದಂತೆ, ನೆಲ ಅದುರುತ್ತಿತ್ತು. ಆದರೆ ಮಾಸ್ತರರಿಗೆ ಎರಡೂ ಕೈ ಮುಗಿದು ನಮಸ್ಕಾರ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

ನಾವು ಲಿಂಗ ಕಟ್ಟಿಕೊಳ್ಳುವ ಮಂದಿ. ಹುಟ್ಟಿದಾಗ ಅಯ್ಯನವರು ಕಟ್ಟಿದ ಲಿಂಗ ಸಾಯುವ ತನಕ ಮೈ ಬಿಟ್ಟು ಹೋಗುವಂತಿಲ್ಲ. ಬೆಳ್ಳಿಯ ಕರಡಿಗೆಯಲ್ಲಿ ಅದನ್ನಿಟ್ಟು, ದಾರ ಹಾಕಿ ಕೊರಳಲ್ಲಿ ಧರಿಸುತ್ತೇವೆ. ನಡೆದಾಡುವವರಿಗೆ ಇದರಿಂದ ತೊಂದರೆಯಿಲ್ಲ. ಓಡುವವರು ಕೇಳಿ: ಓಡಿದರೆ ಎದೆಗೆ ಬಡಿಯುತ್ತದೆ, ತಿರುಗಿದರೆ ಹೆಗಲಿಗೆ ಹೋಗುತ್ತದೆ, ಬಗ್ಗಿದರೆ ಹಲ್ಲಿಗೆ ತಾಗುತ್ತದೆ. ಮಾಸ್ತರರು ಘಟ್ಟದ ಕೆಳಗಿನವರು, ಲಿಂಗದ ಕಟ್ಟಳೆ ಅರಿಯದವರು. ಆ ಜಾಗಕ್ಕೆ ಆರಿಸುವ ದಿನ, ಕೊರಳಲ್ಲಿ ನೇತಾಡುವುದನ್ನೆಲ್ಲ ತೆಗೆದಿಡಿ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರು. ಹುಡುಗಿಯರು ಮಣಿಸರ ತೆಗೆದರು. ನಾನು ಇದನ್ನು ತೆಗೆಯುವಂತಿಲ್ಲ ಎಂದೆ. ಅವರು ಮುಖ ಸಿಂಡರಿಸಿ, ಹಾಗಾದರೆ ಒಳಗೆ ಸಿಕ್ಕಿಸಿಕೋ ಎಂದರು. ಪೋಲಕದೊಳಗೆ ಸಿಕ್ಕಿಸಿದೆ, ಪರಕಾರ ಎತ್ತಿ ಟೊಂಕಕ್ಕೆ ಕಟ್ಟಿದೆ, ಓಡಿದೆ.

ಬೆನ್ನಟ್ಟುವವಳು ನೀಲವ್ವ. ಲಾರಿಯನ್ನೇ ತಪ್ಪಿಸಿದವಳಿಗೆ ನೀಲವ್ವ ಯಾವ ಲೆಕ್ಕ? ಅವಳು ಬಂದಾಗ ಸಾಲಿನ ಆ ಕಡೆ, ಮತ್ತೆ ಬಂದಾಗ ಈ ಕಡೆ. ಅವಳ ಉಸಿರು ಊದುಗೊಳವೆಯಂತೆ ಕೇಳುತ್ತಿತ್ತು. ಕಂಬದ ಹತ್ತಿರ ನಾನು ಗರಕ್ಕನೆ ತಿರುಗಿದೆ ನೋಡಿ, ದಾರ ಕಡಿಯಿತು. ಅದು ಸವೆದು ಎಷ್ಟೋ ದಿನವಾಗಿತ್ತು. ಆಯಿ, ಅಂದರೆ ಅಪ್ಪನ ತಾಯಿ, ಹಬ್ಬಕ್ಕೆ ಬದಲಿಸೋಣ ಎನ್ನುತ್ತಲೇ ಇದ್ದಳು. ಹಬ್ಬಗಳು ಬಂದು ಬಂದು ಹೋಗುತ್ತಿದ್ದವು. ಕರಡಿಗೆ ಪೋಲಕದಿಂದ ಜಾರಿ ಮಣ್ಣಿಗೆ ಬಿತ್ತು. ಸಾಲಿನಲ್ಲಿ ಕೂತಿದ್ದವರಲ್ಲಿ ನಮ್ಮಂತೆ ಲಿಂಗ ಕಟ್ಟುವ ಮಂದಿಯ ಮೂವರು ಹುಡುಗಿಯರು ಧಡಕ್ಕನೆ ಎದ್ದು ನಿಂತು ಕಣ್ಣಿಗೆ ಬೆರಳು ಒತ್ತಿಕೊಂಡರು. ನಾನು ಎತ್ತಿಕೊಳ್ಳಲು ಬಗ್ಗಿದೆ. ನೀಲವ್ವ ಬಂದು ನನ್ನ ಬೆನ್ನಿಗೆ ಬಾರಿಸಿದಳು.

“ಮುಟ್ಟೇನ್ರಿ ಸರ್. ಔಟ್.”

“ಮೂರು ಮಂದಿ ಎದ್ದಾರ್ರಿ ಸರ್,” ಎಂದೆ ನಾನು. “ಮೊದಲ ಫೌಲ್ ಆತು, ಆಮ್ಯಾಲ ಇಕಿ ಮುಟ್ಯಾಳ.”

ಯಾರು ಯಾವಾಗ ಎದ್ದರು ಎಂಬುದನ್ನು ಮಾಸ್ತರರು ನೋಡಿರಲಿಲ್ಲ. ನೋಡಿಲ್ಲ ಎಂದು ಒಪ್ಪಿಕೊಳ್ಳುವ ಮಾಸ್ತರರನ್ನು ನಾನಿನ್ನೂ ಕಂಡಿಲ್ಲ. ಓಡುವವಳು ನಿಂತದ್ದೇಕೆ ಎಂದು ನನ್ನನ್ನೇ ಕೇಳಿದರು. ಲಿಂಗ ಬಿದ್ದಿತು ಎಂದೆ. ಆಟ ಮುಗಿದ ಮೇಲೆ ಎತ್ತಿಕೊಳ್ಳಬಹುದಿತ್ತಲ್ಲ ಎಂದರು. ಆ ಮೂವರೂ ಇನ್ನೊಮ್ಮೆ ಕಣ್ಣಿಗೆ ಒತ್ತಿಕೊಂಡರು. ನಾನು ಬಿಡಲಿಲ್ಲ, ಫೌಲು ಫೌಲು ಎಂದು ಮಾಸ್ತರರ ಹಿಂದೆಯೇ ತಿರುಗಿದೆ. ಕಡೆಗೆ ಬೇಸತ್ತು ಹೇಳಿದರು:

“ನಾಳೆ ಬೆಳಿಗ್ಗೆ ಇನ್ನೊಮ್ಮೆ ಓಡು. ಕೊರಳಲ್ಲಿ ಏನೂ ನೇತಾಡಬಾರದು. ಬರದಿದ್ದರೆ ಜಾಗ ನೀಲವ್ವನಿಗೆ.”

ಹೊರಗೆ ಬಂದ ಮೇಲೆ, ನಿನ್ನ ಲಿಂಗ ಎಲ್ಲಿ ಎಂದು ನೀಲವ್ವನನ್ನು ಕೇಳಿದೆ. ಅವಳು ಪೋಲಕದ ತೋಳು ಸರಿಸಿ ತೋರಿಸಿದಳು. ಅವಳವ್ವ ಅದನ್ನು ಬಟ್ಟೆಯಲ್ಲಿ ಸುತ್ತಿ ರಟ್ಟೆಗೆ ಬಿಗಿದು ಕಟ್ಟಿದ್ದಳು. “ನೀನೂ ಕಟ್ಟಿಸ್ಕೋಬೇಕಿತ್ತವಾ ಚೆನ್ನಿ,” ಎಂದಳು. ಒಂದೇ ಚಾಳು, ಒಂದೇ ನಳ, ದಿನಾ ಬೆಳಿಗ್ಗೆ ಕೊಡ ಹಿಡಿದು ಅಕ್ಕಪಕ್ಕ ನಿಲ್ಲುವವರು. ನನ್ನತ್ತೆ ಈ ಒಂದು ಮಾತು ಹೇಳಲಿಲ್ಲ.

ಮನೆಯಲ್ಲಿ ಆಯಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಲಿಂಗವನ್ನು ತೊಳೆದು ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಇಟ್ಟಳು. “ಅಯ್ನಾರು ಬಂದು ತಿರುಗಿ ಕಟ್ಟೂತನಕ ಬಾಯಾಗ ನೀರೂ ಹಾಕಬ್ಯಾಡ. ಹೊಸ್ತಲಾ ದಾಟಬ್ಯಾಡ,” ಎಂದಳು. ಅಯ್ಯನವರೊಬ್ಬರು ಹಿಂದಿನ ಚಾಳಿನಲ್ಲೇ ಇದ್ದರು. ಆದರೆ ಅವರು ನಮ್ಮ ಮಠದವರಲ್ಲ. ನಮ್ಮವರು ಹಳಿಯಾಳದಿಂದ ಬರಬೇಕು. ಅಪ್ಪ ಹೋಗಿ ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿ ಕಳಿಸಿದ. ನಾಳೆ ಮಧ್ಯಾಹ್ನದೊಳಗೆ ಬರುತ್ತಾರೆಂದು ತಿಳಿಯಿತು.

ನಿನ್ನ ಸಲುವಾಗಿ ನಾನೂ ಉಣ್ಣುವುದಿಲ್ಲ ಎಂದು ಆಯಿ ಬಾಗಿಲಿಗೆ ಅಡ್ಡ ಕೂತಳು. ಯಾರು ಕೇಳಿದ್ದರು ಇವಳನ್ನು? ನನ್ನ ಹೊಟ್ಟೆಯ ಸಂಕಟ ಸಾಲದೆಂದು ತನ್ನದನ್ನೂ ನನ್ನ ತಲೆಗೆ ಕಟ್ಟಿದಳು. ಆ ಕಡೆ ಅಪ್ಪ ರೊಟ್ಟಿ ಜುಣಕದ ಜೊತೆ ಉಳ್ಳಾಗಡ್ಡೆ ಕಡಿಯುವ ಸಪ್ಪಳ ಕಿವಿಗೆ ಬೀಳುತ್ತಿತ್ತು. ಸಿಟ್ಟಿನಲ್ಲಿ ಆಯಿಗೆ ಆಟದ ಕಾಯಿದೆಯನ್ನೆಲ್ಲ ಒದರಿದೆ. ಕೂತವರ ಬೆನ್ನಿಗೆ ಗುದ್ದುವುದು ಎಂಥ ಆಟ ಎಂದು ಮೊದಲು ಬೈದಳು. ಆಮೇಲೆ ಕೆನ್ನೆಗೆ ಕೈಕೊಟ್ಟು ವಿಚಾರ ಮಾಡಿದಳು.

“ಮೂರು ಮಂದಿ ಎದ್ದಿದ್ರ ನೀ ಔಟ್ ಹೆಂಗ?”

“ಅದನ್ನ ನಾ ಹೇಳಾಕತ್ತೇನಿ.”

“ಔಟಲ್ಲ ಬಿಡು. ಆದ್ರ ಹೊಸ್ತಲಾ ದಾಟಬ್ಯಾಡ.”

ಅಕ್ಷರ ಬಾರದ ಮುದುಕಿಗೆ ತಿಳಿದದ್ದು ಸೀಟಿ ಹಿಡಿದ ಮಾಸ್ತರರಿಗೆ ತಿಳಿಯಲಿಲ್ಲ. ಆದರೆ ನ್ಯಾಯ ಹೇಳಿದವಳೇ ಬಾಗಿಲು ಕಾದರೆ ಆ ನ್ಯಾಯವನ್ನು ನಾನು ಉಪ್ಪು ಹಾಕಿ ನೆಕ್ಕಲೇ?

ಮರುದಿನ ಬೆಳಿಗ್ಗೆ ಎದ್ದು ನೀರಿನ ಚರಿಗೆ ಕೈಗೆತ್ತಿಕೊಂಡೆ. ಯಾವ ಕಟ್ಟುಪಾಡು ಇದ್ದರೂ ಬಯಲಕಡೆಗೆಂದು ಚರಿಗೆ ಹಿಡಿದವಳನ್ನು ತಡೆಯುವವರು ನಮ್ಮ ಕಡೆ ಇಲ್ಲ. ಆಯಿ ಕಾಲು ಮಡಚಿ ದಾರಿ ಬಿಟ್ಟು, ಲಗೂನ ಬಾ ಎಂದಳು. ನಾನು ಪೊದೆಗಳ ಕಡೆ ತಿರುಗದೆ ನೆಟ್ಟಗೆ ಮೈದಾನಕ್ಕೆ ಹೋದೆ. ಚರಿಗೆಯನ್ನು ಕಂಬದ ಬುಡದಲ್ಲಿಟ್ಟೆ. ಕೊರಳಲ್ಲಿ ಏನೂ ಇರಲಿಲ್ಲ, ಹೊಟ್ಟೆಯಲ್ಲೂ ಇರಲಿಲ್ಲ. ನೀಲವ್ವ ಬೆನ್ನಟ್ಟಿ ಸೋತಳು, ಅವಳು ಎಬ್ಬಿಸಿದವಳು ಸೋತಳು, ಆಮೇಲಿನವಳು ಕಂಬ ಹಿಡಿದು ನಿಂತುಬಿಟ್ಟಳು. ಮಾಸ್ತರರು ಸೀಟಿ ಊದಿ, ಮೂರನೆಯವಳು ಚೆನ್ನವ್ವ ಎಂದರು. ನಿನ್ನೆಯದು ಫೌಲು ಎಂದು ಮಾತ್ರ ಕಡೆಗೂ ಒಪ್ಪಲಿಲ್ಲ. ನಾನು ಚರಿಗೆ ಎತ್ತಿ ಗಟಗಟನೆ ನೀರು ಕುಡಿದೆ. ಮಾಸ್ತರರು ಉಳಿದವರ ಕಡೆ ತಿರುಗಿ, ಆಟಕ್ಕೆ ಬರುವಾಗ ಹೀಗೆ ನೀರು ತರಬೇಕು, ಇವಳನ್ನು ನೋಡಿ ಕಲಿಯಿರಿ ಎಂದರು. ಚರಿಗೆ ಯಾತಕ್ಕೆಂದು ಬಲ್ಲ ಹುಡುಗಿಯರು ಪರಕಾರದ ಅಂಚು ಬಾಯಿಗೆ ತುರುಕಿಕೊಂಡರು. ನಾನು ಖಾಲಿ ಚರಿಗೆ ಹಿಡಿದು ಮನೆಗೆ ಓಡಿ, ದೇವರ ಜಗಲಿಯ ಮುಂದೆ ಆಯಿಯ ಪಕ್ಕದಲ್ಲಿ ಬಾಡಿದ ಮುಖ ಮಾಡಿ ಕೂತೆ. ಹೊತ್ತು ಏರಿತು, ಹಳಿಯಾಳದ ಬಸ್ಸಿನ ಸುಳಿವಿಲ್ಲ. ಹಸಿದವರ ಮೇಲೆ ಅಯ್ಯನವರಿಗೆ ಕರುಣೆ ಇಲ್ಲವೇ ಎಂದು ಆಯಿಗಿಂತ ಜೋರಾಗಿ ಬೈಯುತ್ತ ಕೂತವಳು ನಾನೇ.